ಕುರಿ ಗಬ್ಬ ನಿಲ್ಲುತ್ತಿಲ್ಲ, ಮಿನರಲ್ ಪುಡಿ ಹಾಕಿದರೆ ಸರಿಹೋಗುತ್ತಾ?

ಪ್ರಶ್ನೆ: ನಮ್ಮದು ಕುಷ್ಟಗಿ ತಾಲ್ಲೂಕು. 62 ಹೆಣ್ಣು ಕುರಿ, 2 ಟಗರು ಇವೆ. ಕೆಂಗುರಿ ಜಾಸ್ತಿ, ಒಂದಿಷ್ಟು ಬಳ್ಳಾರಿ ಕುರಿ. ಹೋದ ಸಲ 39 ಮಾತ್ರ ಈದವು. 5 ಕುರಿ ನಾಲ್ಕನೇ ತಿಂಗಳಲ್ಲಿ ಕಂದು ಹಾಕಿದವು. ಉಳಿದ 18 ಗಬ್ಬವೇ ನಿಲ್ಲಲಿಲ್ಲ. ಟಗರು ಹಾರಿದ್ದನ್ನು ಕಣ್ಣಾರೆ ನೋಡಿದ್ದೇವೆ, ಆದರೂ ಮತ್ತೆ ಮತ್ತೆ ಬೆದೆಗೆ ಬರುತ್ತವೆ. ಸುಗ್ಗಿ ಆದ ಮೇಲೆ ಕಾರಟಗಿ, ಸಿಂಧನೂರು ಕಡೆ ಭತ್ತದ ಗದ್ದೆಗೆ ಹೊಡೆದುಕೊಂಡು ಹೋಗುತ್ತೇವೆ, ಮಳೆಗಾಲಕ್ಕೆ ಊರಿಗೆ ಬಂದ ಕೂಡಲೇ ಟಗರು ಬಿಡುತ್ತೇವೆ. ಟಗರು ಬಿಟ್ಟು ಹದಿನೈದು ದಿನಕ್ಕೆ ಜಂತುಹುಳದ ಆಲ್ಬೆಂಡಜೋಲ್ ತಪ್ಪದೆ ಕುಡಿಸುತ್ತೇವೆ. ಔಷಧ ಅಂಗಡಿಯವರು ಖನಿಜಾಂಶ ಕಮ್ಮಿ ಆಗಿದೆ, ಈ ಪುಡಿ ಹಾಕಿದರೆ ಎಲ್ಲಾ ಗಬ್ಬ ನಿಲ್ಲುತ್ತವೆ, ಅವಳಿ ಮರಿಯೂ ಬರುತ್ತವೆ ಅಂದರು. ಪ್ಯಾಕೆಟ್ ಮೇಲೆ ಹಸುವಿನ ಚಿತ್ರ ಇದೆ. ಎರಡು ತಿಂಗಳಿಂದ ದಿನಾ ಕುರಿಗೊಂದು ಸಣ್ಣ ಹಿಡಿ ಹಾಕುತ್ತಿದ್ದೇವೆ. ವಿಟಮಿನ್ ಸೂಜಿಯೂ ಆಯಿತು. ಇನ್ನೂ ನಾಲ್ಕು ಪ್ಯಾಕೆಟ್ ಉಳಿದಿವೆ. ಮುಂದುವರಿಸಬೇಕಾ? ಬೆದೆ ಸೂಜಿ ಮಾಡಿಸಿದರೆ ಆಗುತ್ತಾ? ಮನೆಯಲ್ಲಿ 2 ಎಮ್ಮೆ ಇವೆ, ಅವಕ್ಕೆ ಬೇರೆ ಪುಡಿ ತರಬೇಕಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ, ಆಮೇಲೆ ಉಳಿದದ್ದು ಓದಿ. ಕುರಿಗೆ ಆ ಪುಡಿ ಹಾಕುವುದನ್ನು ಇವತ್ತೇ ನಿಲ್ಲಿಸಿ.

ಖನಿಜ ಮಿಶ್ರಣ ಕೆಟ್ಟದ್ದು ಅಂತ ಅಲ್ಲ. ನಿಮ್ಮ ಕೈಯಲ್ಲಿರುವುದು ಹಸು-ಎಮ್ಮೆಗೆ ಮಾಡಿದ್ದು, ಅಷ್ಟೇ. ದನದ ಮಿಶ್ರಣದಲ್ಲಿ ಕಿಲೋಗೆ ಸುಮಾರು 1000 ಮಿಲಿಗ್ರಾಂ ತಾಮ್ರ ಇರುವುದು ಮಾಮೂಲಿ. ದನಕ್ಕೆ ಅದು ದಕ್ಕುತ್ತದೆ. ಕುರಿಗೆ ದಕ್ಕಲ್ಲ. ಸಾಕುವ ಪ್ರಾಣಿಗಳಲ್ಲಿ ತಾಮ್ರವನ್ನು ತಡೆದುಕೊಳ್ಳುವ ಶಕ್ತಿ ಕುರಿಗೆ ತುಂಬಾ ಕಮ್ಮಿ, ಬಂದ ತಾಮ್ರವನ್ನು ಹೊರಗೆ ಹಾಕಲು ಬಾರದೆ ಪಿತ್ತಜನಕಾಂಗದಲ್ಲಿ ಕೂಡಿಡುತ್ತಾ ಹೋಗುತ್ತದೆ. ಒಂದು ಕುರಿ ದಿನಕ್ಕೆ ಒಣಲೆಕ್ಕದಲ್ಲಿ ಸುಮಾರು ಒಂದು ಕಿಲೋ ಮೇವು ತಿನ್ನುತ್ತದೆ ಅಂದುಕೊಳ್ಳಿ, ಅದಕ್ಕೆ ಬೇಕಾದ ತಾಮ್ರ 7ರಿಂದ 11 ಮಿಲಿಗ್ರಾಂ. ಸಣ್ಣ ಹಿಡಿ ಅಂದರೆ 25-30 ಗ್ರಾಂ ಪುಡಿ. ಅದರಿಂದಲೇ 25-30 ಮಿಲಿಗ್ರಾಂ ಒಳಗೆ ಹೋಯಿತು, ಮೇವಿನದ್ದು ಬೇರೆ.

ಇದರ ಮೋಸ ಏನು ಅಂದರೆ ವಾರಗಟ್ಟಲೆ ಏನೂ ಕಾಣುವುದಿಲ್ಲ. ಕುರಿ ಚೆನ್ನಾಗಿಯೇ ಇರುತ್ತದೆ. ಆಮೇಲೆ ಲಾರಿಗೆ ಹತ್ತಿಸಿದಾಗಲೋ, ದೂರ ನಡೆಸಿದಾಗಲೋ, ಮೇವು ಕಮ್ಮಿ ಬಿದ್ದಾಗಲೋ ಕೂಡಿಟ್ಟ ತಾಮ್ರ ಒಂದೇ ಸಲ ರಕ್ತಕ್ಕೆ ಇಳಿಯುತ್ತದೆ. ಕಣ್ಣು ಹಳದಿ, ಮೂತ್ರ ಕಾಫಿ ಬಣ್ಣ, ಒಂದೆರಡು ದಿನದಲ್ಲಿ ಸಾವು. ರಾಯಚೂರು ಕಡೆ ಕೆಲಸ ಮಾಡುವಾಗ ಇಂಥದ್ದೊಂದು ಹಟ್ಟಿಗೆ ನನ್ನನ್ನು ಕರೆದಿದ್ದರು, ಯಾರೋ ವಿಷ ಹಾಕಿದ್ದಾರೆ ಅಂತ ಊರಲ್ಲಿ ಜಗಳವೇ ಎದ್ದಿತ್ತು. ಹೊಟ್ಟೆ ಕೊಯ್ದು ನೋಡಿದರೆ ಒಳಗೆಲ್ಲಾ ಅರಿಶಿನ ಬಳಿದ ಹಾಗೆ. ಮಾಲೀಕ ಪ್ರೀತಿಯಿಂದ ಮೂರು ತಿಂಗಳು ದನದ ಪುಡಿ ಹಾಕಿದ್ದ.

ನಿಮ್ಮ ಕುರಿಗೂ ಹೀಗೇ ಆಗುತ್ತದೆ ಅಂತ ಹೆದರಿಸುತ್ತಿಲ್ಲ. ಪ್ಯಾಕೆಟ್ ಹಿಂದೆ ತಾಮ್ರ ಎಷ್ಟು ಅಂತ ಬರೆದಿರುತ್ತದೆ, ಅದರ ಫೋಟೋ ತೆಗೆದು ನಿಮ್ಮ ಪಶುವೈದ್ಯರಿಗೆ ತೋರಿಸಿ, ಎರಡು ತಿಂಗಳು ಇಷ್ಟಿಷ್ಟು ಹಾಕಿದ್ದೇವೆ ಅಂತ ಹೇಳಿ. ಕೂಡಿದ ತಾಮ್ರ ಇಳಿಸಲು ಔಷಧ ಇದೆ, ಬೇಕೋ ಬೇಡವೋ ಅವರು ನೋಡುತ್ತಾರೆ. ಸದ್ಯಕ್ಕೆ ಕುರಿಗಳನ್ನು ದೂರ ಹೊಡೆಯಬೇಡಿ, ಲಾರಿಗೆ ಹತ್ತಿಸಬೇಡಿ.

ಈಗ ಗಬ್ಬದ ವಿಚಾರ. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಂದರೆ ಒಂದೇ ಗಂಟಿನಲ್ಲಿ ಕಟ್ಟಿವೆ. 18 ಕುರಿ ಗಬ್ಬವೇ ನಿಲ್ಲಲಿಲ್ಲ, 5 ಕುರಿ ನಿಂತ ಗಬ್ಬ ಹಾಕಿಬಿಟ್ಟವು. ಇವುಗಳ ಕಾರಣ ಬೇರೆ, ಮದ್ದೂ ಬೇರೆ. ಅಂಗಡಿಯವರು ಎರಡಕ್ಕೂ ಒಂದೇ ಪುಡಿ ಕೊಟ್ಟಿದ್ದಾರೆ.

ಆ 18ರಿಂದ ಶುರು ಮಾಡೋಣ. ನಿಮ್ಮ ಪ್ರಶ್ನೆಯಲ್ಲಿ ನನಗೆ ಎದ್ದು ಕಂಡ ಸಾಲು 'ಊರಿಗೆ ಬಂದ ಕೂಡಲೇ ಟಗರು ಬಿಡುತ್ತೇವೆ' ಅನ್ನೋದು. ಊರಿಗೆ ಬರುವಾಗ ಕುರಿಯ ಸ್ಥಿತಿ ಹೇಗಿರುತ್ತದೆ ಹೇಳಿ. ಐದಾರು ತಿಂಗಳು ಭತ್ತದ ಕೂಳೆ, ಒಣಹುಲ್ಲು. ಮೇ ತಿಂಗಳ ಬಿಸಿಲಲ್ಲಿ ನಡಿಗೆ. ಬಹಳಷ್ಟಕ್ಕೆ ಬೆನ್ನುಮೂಳೆ ಎದ್ದಿರುತ್ತದೆ, ಅಲ್ವಾ? ವರ್ಷದಲ್ಲೇ ಕುರಿ ತೀರಾ ಬಡಕಲಾಗಿರುವ ವಾರದಲ್ಲಿ ನೀವು ಟಗರು ಬಿಡುತ್ತಿದ್ದೀರಿ. ಬಡಕಲು ಕುರಿ ಬೆದೆಗೆ ಬರುವುದೇ ತಡ, ಬಂದರೂ ಮೊಟ್ಟೆ ಬಿಡುವುದು ಕಮ್ಮಿ, ಕಟ್ಟಿದ ಗಬ್ಬವೂ ಮೊದಲ ಎರಡು ಮೂರು ವಾರದಲ್ಲೇ ಕರಗಿಹೋಗಬಹುದು. ಅದು ಕಣ್ಣಿಗೆ ಕಾಣಲ್ಲ, ಕುರಿ ಮತ್ತೆ ಬೆದೆಗೆ ಬಂತು ಅಂತ ಮಾತ್ರ ಗೊತ್ತಾಗುತ್ತದೆ.

ಕಣ್ಣಳತೆ ನಂಬಬೇಡಿ, ಅದರಲ್ಲೂ ಉಣ್ಣೆ ಕುರಿಯಲ್ಲಿ ಕಣ್ಣು ಮೋಸ ಮಾಡುತ್ತದೆ. ಕೈಯಿಂದ ಮುಟ್ಟಿ ನೋಡಿ. ಕೊನೇ ಪಕ್ಕೆಲುಬಿನ ಹಿಂದೆ, ಸೊಂಟದ ಮೇಲೆ ಬೆರಳಿಟ್ಟು ಒತ್ತಿ. ನಿಮ್ಮ ಕೈ ಮುಷ್ಟಿ ಕಟ್ಟಿ ಗೆಣ್ಣಿನ ಮೇಲೆ ಬೆರಳಾಡಿಸಿದರೆ ಹೇಗೆ ಚೂಪಾಗಿ ಸಿಗುತ್ತದೋ ಹಾಗೆ ಮೂಳೆ ಸಿಕ್ಕರೆ ಕುರಿ ಬಡಕಲು. ಬೆರಳು ಚಾಚಿ ಅಂಗೈ ಹಿಂಭಾಗ ಮುಟ್ಟಿದ ಹಾಗೆ, ಮೂಳೆ ಗೊತ್ತಾಗುತ್ತದೆ ಆದರೆ ಚುಚ್ಚಲ್ಲ ಅಂದರೆ ಸರಿಯಾಗಿದೆ. ಹೆಬ್ಬೆರಳ ಬುಡದ ಮಾಂಸದ ಹಾಗೆ ಮೆತ್ತಗಿದ್ದರೆ ಕೊಬ್ಬು ಜಾಸ್ತಿ. ಸಂಜೆ ಕುರಿ ಒಳಗೆ ಬಿಡುವಾಗ ಬಾಗಿಲಲ್ಲಿ ನಿಂತು ಒಂದೊಂದನ್ನೇ ಮುಟ್ಟುತ್ತಾ ಹೋದರೆ 62 ಕುರಿಗೆ ಅರ್ಧ ಗಂಟೆ ಬೇಡ. ಬಡಕಲು ಇದ್ದವಕ್ಕೆ ಕೊರಳಿಗೆ ಒಂದು ಬಣ್ಣದ ದಾರ ಕಟ್ಟಿಬಿಡಿ. ಗಬ್ಬ ನಿಲ್ಲದ 18ರಲ್ಲಿ ಎಷ್ಟಕ್ಕೆ ದಾರ ಬಿತ್ತು ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಬಡಕಲು ಕುರಿಗೆ ಬೇಕಾದ್ದು ಮೊದಲು ಹೊಟ್ಟೆಗೆ ಹಿಟ್ಟು. ಖನಿಜ ಆಮೇಲೆ. ಟಗರು ಬಿಡುವ ಮೂರು ವಾರ ಮುಂಚಿನಿಂದ ದಿನಕ್ಕೆ 250 ಗ್ರಾಂ ಕೈತಿಂಡಿ ಕೊಡಿ, ಟಗರು ಬಿಟ್ಟ ಮೇಲೂ ಎರಡು ಮೂರು ವಾರ ನಿಲ್ಲಿಸಬೇಡಿ. ನೂರು ಕಿಲೋ ಮಾಡುವುದಾದರೆ ಗೋವಿನಜೋಳದ ನುಚ್ಚು 50 ಕಿಲೋ, ಶೇಂಗಾ ಹಿಂಡಿ 25, ಗೋಧಿ ಬೂಸಾ ಅಥವಾ ಅಕ್ಕಿ ತೌಡು 22, ಕುರಿಗೆಂದೇ ಮಾಡಿದ ಖನಿಜ ಮಿಶ್ರಣ 2, ಅಡುಗೆಯ ಅಯೋಡಿನ್ ಉಪ್ಪು 1. ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಬೇಡವೇ ಬೇಡ, ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ದಾರ ಕಟ್ಟಿದ ಕುರಿ 30 ಇವೆ ಅಂದುಕೊಂಡರೆ ದಿನಕ್ಕೆ ಏಳೂವರೆ ಕಿಲೋ, ನಲವತ್ತು ದಿನಕ್ಕೆ ಮೂರು ಕ್ವಿಂಟಲ್. ನಿಮ್ಮೂರ ದರದಲ್ಲಿ ಲೆಕ್ಕ ಹಾಕಿ, ಪುಡಿ, ಸೂಜಿ, ಟಾನಿಕ್ಕಿಗೆ ಹೋದ ದುಡ್ಡಿನ ಜೊತೆ ಹೋಲಿಸಿ.

ಎಲ್ಲಾ ಕುರಿಗೂ ಹಾಕಬೇಡಿ. ಮೈ ತುಂಬಿದ ಕುರಿಗೆ ಇದರಿಂದ ಏನೂ ಲಾಭ ಇಲ್ಲ. ಇನ್ನೊಂದು ಅಪಾಯ, ಮೊದಲ ದಿನವೇ 250 ಗ್ರಾಂ ಸುರಿದರೆ ಹೊಟ್ಟೆಯಲ್ಲಿ ಹುಳಿಯಾಗಿ ಕುರಿ ಸಾಯಬಹುದು. 50 ಗ್ರಾಂನಿಂದ ಶುರು ಮಾಡಿ ವಾರ ಹತ್ತು ದಿನದಲ್ಲಿ ಏರಿಸಿ. ಅದಕ್ಕೂ ಮುಂಚೆ ಕರುಳುಬೇನೆ ಲಸಿಕೆ ಆಗಿರಲಿ, ಕಾಳು ತಿಂದು ಕೊಬ್ಬುವ ಕುರಿಗಳಿಗೇ ಆ ರೋಗ ಬರುವುದು ಜಾಸ್ತಿ.

ದುಡ್ಡು ಹಾಕಲು ಮನಸ್ಸಿಲ್ಲ ಅಂದರೆ ಪುಕ್ಕಟೆ ದಾರಿಯೂ ಇದೆ. ಟಗರು ಬಿಡುವುದನ್ನು ಮೂರು ನಾಲ್ಕು ವಾರ ಮುಂದೆ ಹಾಕಿ. ಮುಂಗಾರಿನ ಹಸಿ ಹುಲ್ಲು ಮೇಯ್ದರೆ ಕುರಿ ತಾನಾಗಿ ಚೇತರಿಸಿಕೊಳ್ಳುತ್ತದೆ. ನಾನಾದರೆ ಇದನ್ನೇ ಮೊದಲು ಮಾಡುತ್ತೇನೆ. ಆದರೆ ಇದಕ್ಕೂ ಒಂದು ಬೆಲೆ ಇದೆ. ಕುರಿಯ ಗಬ್ಬ ಸುಮಾರು 150 ದಿನ, ಜುಲೈ ನಡುವೆ ಗಬ್ಬ ನಿಂತರೆ ಈಯುವುದು ಡಿಸೆಂಬರ್ ನಡುವೆ. ಆಗ ಚಳಿ. ನೀವು ಗದ್ದೆ ಕಡೆ ಹೊರಡುವ ಹೊತ್ತಿಗೆ ಮರಿ ಇನ್ನೂ ಎಳೆಯವು. ನಡುದಾರಿ ಬೇಕಾದರೆ ಮೈ ತುಂಬಿದ ಕುರಿಗೆ ಈಗಿನ ಹಾಗೇ ಟಗರು ಬಿಡಿ, ದಾರ ಕಟ್ಟಿದವನ್ನು ಮಾತ್ರ ತಡ ಮಾಡಿ. ಬೇಸಿಗೆಯಲ್ಲಿ ಬಳ್ಳಾರಿ ಜಾಲಿ ಕಾಯಿ ಸಿಕ್ಕಷ್ಟು ಕೂಡಿಟ್ಟುಕೊಳ್ಳಿ, ಸಿಹಿ ಇರುವ ಕಾಯಿ, ಒಳ್ಳೆ ಶಕ್ತಿ. ಕುಟ್ಟಿ ಹಾಕಿ, ಇಲ್ಲದಿದ್ದರೆ ಬೀಜ ಹಾಗೇ ಹಿಕ್ಕೆಯಲ್ಲಿ ಹೊರಗೆ ಬಂದು ನಿಮ್ಮ ಹೊಲದಲ್ಲೇ ಜಾಲಿ ಬೆಳೆಯುತ್ತದೆ! ಬರೀ ಅದನ್ನೇ ತಿನ್ನಿಸಬೇಡಿ, ಒಟ್ಟು ಮೇವಿನಲ್ಲಿ ಕಾಲುಭಾಗ ಸಾಕು.

ಇಷ್ಟು ತಿನ್ನಿಸಿಯೂ ಕುರಿ ಮೈ ಹಿಡಿಯುತ್ತಿಲ್ಲ ಅಂದರೆ ತಿಂದದ್ದನ್ನು ಒಳಗೆ ಬೇರೆ ಯಾರೋ ತಿನ್ನುತ್ತಿದ್ದಾರೆ. ಕಾರಟಗಿ, ಸಿಂಧನೂರು ಅಂದ ಕೂಡಲೇ ನನ್ನ ತಲೆಗೆ ಬರುವುದು ಪಿತ್ತಜನಕಾಂಗದ ಚಪ್ಪಟೆ ಹುಳ. ತುಂಗಭದ್ರಾ ಕಾಲುವೆ ನೀರು, ಕೆಸರು ಗದ್ದೆ, ಅದರಲ್ಲಿ ಸಣ್ಣ ಬಸವನಹುಳ. ಈ ಹುಳದ ಮರಿ ಬಸವನಹುಳದೊಳಗೆ ಬೆಳೆದು ಹೊರಬಂದು, ನೀರಂಚಿನ ಹುಲ್ಲಿಗೆ ಅಂಟಿಕೊಂಡು, ಮೇಯುವ ಕುರಿಯ ಹೊಟ್ಟೆ ಸೇರುತ್ತದೆ. ಕುಷ್ಟಗಿಯ ಒಣ ಹೊಲದಲ್ಲಿ ಇದಕ್ಕೆ ಜಾಗ ಇಲ್ಲ, ಗದ್ದೆಯಿಂದ ಹೊತ್ತು ತರುವುದು. ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿ, ಕೆಂಪಗಿರಬೇಕು. ಬಿಳಚಿಕೊಂಡಿದ್ದರೆ, ಗದ್ದದ ಕೆಳಗೆ ನೀರು ತುಂಬಿ ಜೋತಿದ್ದರೆ ಹುಳದ ಅನುಮಾನ ಗಟ್ಟಿ. ರಕ್ತ ಹೀರುವ ಜಂತುಹುಳದಲ್ಲೂ ಹೀಗೇ ಆಗುತ್ತದೆ, ಹಾಗಾಗಿ ಊಹೆ ಮಾಡದೆ ಎಂಟು ಹತ್ತು ಕುರಿಯ ತಾಜಾ ಹಿಕ್ಕೆ ಬೇರೆ ಬೇರೆ ಕಟ್ಟಿ ಪಶು ಆಸ್ಪತ್ರೆಗೆ ಕೊಡಿ. ಭತ್ತದ ಗದ್ದೆಯಲ್ಲಿ ಮೇಯ್ದ ಕುರಿ, ಚಪ್ಪಟೆ ಹುಳದ ಮೊಟ್ಟೆಯನ್ನೂ ನೋಡಿ ಅಂತ ಬಾಯಿಬಿಟ್ಟು ಹೇಳಿ. ಆ ಮೊಟ್ಟೆ ಭಾರ, ಮಾಮೂಲಿ ಪರೀಕ್ಷೆಯಲ್ಲಿ ತೇಲಿ ಬರಲ್ಲ, ಬೇರೆ ರೀತಿ ನೋಡಬೇಕು.

ಆಲ್ಬೆಂಡಜೋಲ್ ವಿಚಾರಕ್ಕೆ ಬರುತ್ತೇನೆ, ನಿಮಗೆ ಬೇಜಾರಾಗಬಹುದು. ಟಗರು ಬಿಟ್ಟು ಹದಿನೈದು ದಿನಕ್ಕೆ ಕುಡಿಸುವುದು ದೊಡ್ಡ ತಪ್ಪು. ಗಬ್ಬದ ಮೊದಲ ತಿಂಗಳಲ್ಲಿ ಈ ಔಷಧ ಕುರಿಗೆ ಕೊಡಬಾರದು. ಹೊಟ್ಟೆಯಲ್ಲಿ ಆಗ ತಾನೇ ರೂಪುಗೊಳ್ಳುತ್ತಿರುವ ಮರಿ ಸಾಯಬಹುದು, ಅಂಗ ಊನವಾಗಿ ಹುಟ್ಟಬಹುದು. ನಿಮ್ಮ 18ರಲ್ಲಿ ಒಂದೆರಡಾದರೂ ಇದರ ಲೆಕ್ಕಕ್ಕೆ ಸೇರಿರಬಹುದು ಅಂತ ನನ್ನ ಅನುಮಾನ. ಹುಳದ ಔಷಧ ಟಗರು ಬಿಡುವ ಮೂರು ವಾರ ಮುಂಚೆ ಮುಗಿದಿರಲಿ. ಚಪ್ಪಟೆ ಹುಳಕ್ಕೆ ಯಾವ ಔಷಧ, ಎಷ್ಟು ಅನ್ನೋದನ್ನು ಹಿಕ್ಕೆ ಪರೀಕ್ಷೆ ನೋಡಿದ ವೈದ್ಯರೇ ಹೇಳಲಿ.

ಇನ್ನು ಟಗರು. ಕುರಿ ಗಬ್ಬ ನಿಲ್ಲದಿದ್ದರೆ ಎಲ್ಲರೂ ಕುರಿಯನ್ನೇ ಬೈಯುತ್ತಾರೆ, ಟಗರನ್ನು ಕೇಳುವವರಿಲ್ಲ. ಲೆಕ್ಕಕ್ಕೆ ನಿಮ್ಮಲ್ಲಿ ತೊಂದರೆ ಇಲ್ಲ, ದೊಡ್ಡ ಟಗರಿಗೆ ಮೂವತ್ತು ಕುರಿ ಸರಿಯೇ. ಆದರೆ ಎರಡರಲ್ಲಿ ಒಂದರ ಬೀಜ ಕೆಟ್ಟಿದ್ದರೆ? ಹಾರಿದರೂ ಮತ್ತೆ ಮತ್ತೆ ಬೆದೆಗೆ ಬರುತ್ತವೆ ಅಂದಿರಲ್ಲ, ಆ ಮಾತು ಕೇಳಿದರೆ ನಾನು ಟಗರನ್ನೂ ಅನುಮಾನಿಸುತ್ತೇನೆ. ಟಗರಿನ ವೀರ್ಯ ತಯಾರಾಗಲು ಏಳೆಂಟು ವಾರ ಬೇಕು. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಬಿಸಿಲಲ್ಲಿ ನಡೆದ ಟಗರು, ಅಥವಾ ಎರಡು ದಿನ ಜ್ವರ ಬಂದು ಹೋದ ಟಗರು, ಜೂನ್-ಜುಲೈಯಲ್ಲಿ ಹುರುಪಿನಿಂದ ಹಾರುತ್ತದೆ, ಗಬ್ಬ ಮಾತ್ರ ನಿಲ್ಲಲ್ಲ. ಏಪ್ರಿಲ್‌ನಿಂದಲೇ ಟಗರುಗಳನ್ನು ಮಧ್ಯಾಹ್ನ ನೆರಳಲ್ಲಿ ಕಟ್ಟಿ, ಉಣ್ಣೆ ಇದ್ದರೆ ಕತ್ತರಿಸಿ. ಬೀಜ ಮುಟ್ಟಿ ನೋಡಿ, ಎರಡೂ ಒಂದೇ ಗಾತ್ರ, ಗಟ್ಟಿ, ಗಂಟಿಲ್ಲದೆ ಇರಬೇಕು.

ಯಾವ ಟಗರಿನದ್ದು ತಪ್ಪು ಅಂತ ಹಿಡಿಯಲು ಸುಲಭದ ಉಪಾಯ ಇದೆ. ಒಂದರ ಎದೆಗೆ ಕೆಮ್ಮಣ್ಣು-ಎಣ್ಣೆ ಕಲಸಿ ಹಚ್ಚಿ, ಇನ್ನೊಂದಕ್ಕೆ ನೀಲಿ. ಎರಡು ದಿನಕ್ಕೊಮ್ಮೆ ಹಚ್ಚುತ್ತಿರಿ. ಹಾರಿದ ಕುರಿಯ ಸೊಂಟದ ಮೇಲೆ ಬಣ್ಣ ಬೀಳುತ್ತದೆ, ನೋಟ್‌ಬುಕ್ಕಿನಲ್ಲಿ ತಾರೀಖು ಬರೆದಿಡಿ. ಕುರಿಯ ಬೆದೆ ಸುತ್ತು 17 ದಿನ. ಕೆಂಪು ಬಿದ್ದ ಕುರಿಗಳೇ 17 ದಿನಕ್ಕೆ ಮತ್ತೆ ಬೆದೆಗೆ ಬರುತ್ತಿದ್ದರೆ ಕೆಂಪು ಟಗರಿನದ್ದೇ ದೋಷ. ಎರಡೂ ಬಣ್ಣದವು ಬರುತ್ತಿದ್ದರೆ ಬಿಸಿಲಿನದ್ದೋ ಕುರಿಯದ್ದೋ ದೋಷ. ಯಾವ ಬಣ್ಣವೂ ಬೀಳದ ಕುರಿ ಬೆದೆಗೇ ಬಂದಿಲ್ಲ. ಈ ಮೂರು ಸಂಗತಿ ಯಾವ ಪುಡಿಯೂ ಹೇಳಲ್ಲ. ಒಂದು ಮಾತು, ಟಗರಿಗೆ ಬೂಸಾ, ತೌಡು ಹೆಚ್ಚು ಹಾಕಬೇಡಿ, ಅದರಲ್ಲಿ ರಂಜಕ ಜಾಸ್ತಿ, ಮೂತ್ರದ ಕಲ್ಲಾಗಿ ಮೂತ್ರ ಕಟ್ಟುತ್ತದೆ. ಹತ್ತಿ ಬೀಜದ ಹಿಂಡಿಯೂ ಟಗರಿಗೆ ಒಳ್ಳೆಯದಲ್ಲ.

ಹಾಗಾದರೆ ಖನಿಜವೇ ಬೇಡವಾ? ಬೇಕು, ತನ್ನ ಅಳತೆಯಲ್ಲಿ. ಒಣ ಕೂಳೆಯಲ್ಲಿ ರಂಜಕ ಕಮ್ಮಿ ನಿಜ, ಮೇಲೆ ಹೇಳಿದ ಬೂಸಾ-ತೌಡು ಅದನ್ನು ತುಂಬುತ್ತದೆ. ಸತು ಕಮ್ಮಿ ಅನ್ನೋದು ಭತ್ತಕ್ಕೆ ಜಿಂಕ್ ಸಲ್ಫೇಟ್ ಹಾಕುವ ನಮ್ಮ ಕಡೆ ರೈತರಿಗೆಲ್ಲಾ ಗೊತ್ತು, ಮಣ್ಣಲ್ಲಿ ಇಲ್ಲದ್ದು ಮೇವಿಗೆ ಎಲ್ಲಿಂದ ಬರಬೇಕು? ಕುರಿಗೆಂದೇ ಮಾಡಿದ ಮಿಶ್ರಣ ದಿನಕ್ಕೆ 5-10 ಗ್ರಾಂ ಸಾಕು. ತಾಮ್ರ ಕಮ್ಮಿ ಆಗುವುದೂ ಉಂಟು, ಆಗ ಕರಿ ಉಣ್ಣೆ ಮಾಸಲಾಗುತ್ತದೆ, ಹುಟ್ಟಿದ ಮರಿಗೆ ಹಿಂಗಾಲು ಎಳೆಯುತ್ತದೆ, ಆದರೆ ಅದನ್ನು ಪರೀಕ್ಷೆ ಮಾಡಿಸದೆ ಕೊಡುವ ಹಾಗಿಲ್ಲ. ವಿಟಮಿನ್ ಎ ಬೇಸಿಗೆ ಕೊನೆಗೆ ಕಮ್ಮಿಯಾಗುತ್ತದೆ, ದಿನಾ ಒಂದು ಹಿಡಿ ನುಗ್ಗೆ ಸೊಪ್ಪು ಸಾಕು, ಹಸಿ ಹುಲ್ಲು ಬಂದ ಮೇಲೆ ಅದೂ ಬೇಡ. ಸೆಲೆನಿಯಂ ಸೇರಿದ ಸೂಜಿ ಮಾತ್ರ ಯಾರೋ ಹೇಳಿದರು ಅಂತ ಮಾಡಿಸಬೇಡಿ, ಬೇಕಾದ್ದಕ್ಕೂ ವಿಷಕ್ಕೂ ನಡುವೆ ಅಂತರ ತೀರಾ ಸಣ್ಣದು. ಮೊಳಕೆ ಕಟ್ಟಿದ ಹುರುಳಿ ಹಾಕಿದರೆ ಬೆದೆಗೆ ಬರುತ್ತದೆ ಅಂತಾರಲ್ಲ, ಹಾಕಿ, ಕೆಡುಕಿಲ್ಲ, ಎಷ್ಟಾದರೂ ಅದು ಕಾಳು.

ಅವಳಿ ಮರಿಯ ಮಾತು ಸುಮ್ನೆ ವ್ಯಾಪಾರದ ಮಾತು. ಕೆಂಗುರಿ, ಬಳ್ಳಾರಿ ಕುರಿ ಹೆಚ್ಚಾಗಿ ಒಂದೇ ಮರಿ ಹಾಕುವ ತಳಿ, ಎಷ್ಟು ತಿನ್ನಿಸಿದರೂ ಅದು ದೊಡ್ಡದಾಗಿ ಬದಲಾಗಲ್ಲ. ಅವಳಿ ಬೇಕಾದರೆ ಅದು ರಕ್ತದಲ್ಲೇ ಬರಬೇಕು. ಮಹಾರಾಷ್ಟ್ರದ ಫಲ್ಟಣ್‌ನ ನಿಂಬಕರ್ ಸಂಸ್ಥೆಯವರು ಬಂಗಾಳದ ಗ್ಯಾರೋಲ್ ಕುರಿಯ ಅವಳಿ ಜೀನ್ ಅನ್ನು ಡೆಕ್ಕನಿ ಕುರಿಗೆ ತಂದು ನಾರಿ ಸುವರ್ಣ ಅನ್ನುವ ತಳಿ ಮಾಡಿದ್ದು ಹಾಗೇ. ಆದರೆ ನಿಮ್ಮ ಹಾಗೆ ಅಲೆದು ಮೇಯಿಸುವವರಿಗೆ ನಾನು ಅದನ್ನು ಹೇಳಲ್ಲ. ಒಂದು ಮರಿಗೇ ಹಾಲು ಸಾಲದ ತಾಯಿಗೆ ಎರಡು ಹುಟ್ಟಿದರೆ ಎರಡೂ ಸೊರಗುತ್ತವೆ.

ಬೆದೆ ಸೂಜಿ ಈಗ ಬೇಡ. ಬಡಕಲು ಕುರಿಯಲ್ಲಿ ಅದು ಸರಿಯಾಗಿ ಕೆಲಸ ಮಾಡಲ್ಲ. ಇನ್ನೊಂದು, ಬೆದೆಗೆ ತರಲು ಕೊಡುವ ಪ್ರೋಸ್ಟಗ್ಲಾಂಡಿನ್ ಸೂಜಿಯನ್ನು ಗೊತ್ತಿಲ್ಲದೆ ಎಳೆಗಬ್ಬದ ಕುರಿಗೆ ಕೊಟ್ಟರೆ ಗಬ್ಬ ಬಿದ್ದುಹೋಗುತ್ತದೆ. ಬಣ್ಣದ ಲೆಕ್ಕ ಇಲ್ಲದೆ ಯಾವುದು ಗಬ್ಬ, ಯಾವುದು ಅಲ್ಲ ಅಂತ ನಿಮಗೂ ಗೊತ್ತಿರಲ್ಲ, ಸೂಜಿ ಹಾಕುವವರಿಗೂ ಗೊತ್ತಿರಲ್ಲ.

ಕಂದು ಹಾಕಿದ ಆ 5 ಕುರಿಗಳ ಬಗ್ಗೆ ನನಗೆ ಹೆಚ್ಚು ಚಿಂತೆ. ನಾಲ್ಕನೇ ತಿಂಗಳಲ್ಲಿ ಒಂದೇ ಹಿಂಡಿನಲ್ಲಿ ಐದು ಅಂದರೆ ಮೊದಲು ಸೋಂಕು ಅನ್ನಿಸುತ್ತದೆ, ಅದರಲ್ಲೂ ಬ್ರುಸೆಲ್ಲಾ, ನಮ್ಮವರು ಕಂದು ರೋಗ ಅನ್ನುವುದು. ಅದು ಮನುಷ್ಯರಿಗೂ ಬರುತ್ತದೆ. ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಕೀಲುನೋವು. ಮನೆಯಲ್ಲಿ ಯಾರಿಗಾದರೂ ಹೀಗಿದ್ದರೆ ಡಾಕ್ಟರಿಗೆ ತೋರಿಸುವಾಗ ಕುರಿ ಕಂದು ಹಾಕಿದ್ದನ್ನು ಮರೆಯದೆ ಹೇಳಿ. ಆ 5 ಕುರಿಯ ರಕ್ತ, ಎರಡೂ ಟಗರಿನ ರಕ್ತ ಪರೀಕ್ಷೆ ಆಗಲಿ. ನಿಮ್ಮ ಪಶು ಆಸ್ಪತ್ರೆಯಿಂದಲೇ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ, ಬೆಂಗಳೂರಿನ ಹೆಬ್ಬಾಳದಲ್ಲಿ ಜಾನುವಾರು ರೋಗ ಪತ್ತೆ ಮಾಡುವ ಸರ್ಕಾರಿ ಸಂಸ್ಥೆ ಇದೆ. ಮುಂದೆ ಯಾವುದಾದರೂ ಕಂದು ಹಾಕಿದರೆ ಬರಿಗೈಯಲ್ಲಿ ಮುಟ್ಟಬೇಡಿ, ಬಸುರಿ ಹೆಂಗಸರು ಹತ್ತಿರ ಬರುವುದು ಬೇಡ, ನಾಯಿಗೆ ಎಸೆಯಬೇಡಿ. ವೈದ್ಯರಿಗೆ ಫೋನ್ ಮಾಡಿ, ಮಾದರಿ ತೆಗೆದ ಮೇಲೆ ಆಳ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಹಾಲು ಕಾಯಿಸದೆ ಕುಡಿಯಬೇಡಿ. ಫಲಿತಾಂಶ ಬರುವವರೆಗೆ ಆ ಕುರಿಗಳನ್ನು ಬೇರೆ ಕಟ್ಟಿ, ಸಂತೆಗೆ ಹೊಡೆಯಬೇಡಿ. ನಿಮ್ಮ ತಲೆನೋವು ಇನ್ನೊಬ್ಬರ ಹಟ್ಟಿಗೆ ಹೋಗುತ್ತದೆ ಅಷ್ಟೇ.

ಕೆಲಸದ ಸರದಿ ಕೇಳಿದರೆ, ಈ ವಾರ ರಕ್ತ ಮತ್ತು ಹಿಕ್ಕೆ. ಜೊತೆಗೇ ಬೆನ್ನು ಮುಟ್ಟಿ ದಾರ ಕಟ್ಟುವುದು. ಕೈತಿಂಡಿ ಅದರ ಮೇಲೆ. ಆಮೇಲೆ ಬಣ್ಣ ಹಚ್ಚಿ ಟಗರು ಬಿಡಿ. ಇಷ್ಟಾಗಿಯೂ ಎರಡು ಸಲ ಗಬ್ಬ ನಿಲ್ಲದ ಕುರಿ ಇದ್ದರೆ, ಕಂದು ರೋಗ ಇಲ್ಲ ಅಂತ ಗೊತ್ತಾದ ಮೇಲೆ ಮಾರಿಬಿಡಿ, ಗೊಡ್ಡು ಕುರಿಗೆ ಮೇವು ಹಾಕುವಷ್ಟು ನಮ್ಮ ಕಡೆ ಮೇವಿಲ್ಲ.

ಉಳಿದ ನಾಲ್ಕು ಪ್ಯಾಕೆಟ್ ಎಸೆಯಬೇಡಿ. ಎಮ್ಮೆಗೆ ಬೇರೆ ಪುಡಿ ತರುವ ಅಗತ್ಯ ಇಲ್ಲ, ಇದು ಅವಕ್ಕೇ ಮಾಡಿದ್ದು. ಪ್ಯಾಕೆಟ್ ಮೇಲೆ ಬರೆದ ಅಳತೆಯಲ್ಲಿ ಹಿಂಡಿಗೆ ಕಲಸಿ ಹಾಕಿ. ಎಮ್ಮೆ ಬಿಟ್ಟ ಹಿಂಡಿಗೆ ಕುರಿ ಬಾಯಿ ಹಾಕದ ಹಾಗೆ ಬಾನಿ ಸ್ವಲ್ಪ ಎತ್ತರದಲ್ಲಿಡಿ.